ಬೂದನ ಗಂಟಲು

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ, ಯಾರಿಗೋ ಏನೋ ಉತ್ತರ ಕೊಡುವುದು ಬಾಕಿ ಉಳಿದಿದೆ ಅನ್ನಿಸುತ್ತಿತ್ತು. ಯಾರಿಗೆ, ಯಾವ ಮಾತಿಗೆ ಎಂದು ಯೋಚಿಸಿದರೆ ಹೊಳೆಯುತ್ತಿರಲಿಲ್ಲ. ಹಲ್ಲುಜ್ಜುವಾಗಲೂ ಅದೇ, ಕ್ಲಿನಿಕ್ಕಿನ ಗಾಜಿನ ಬಾಗಿಲಿನ ಬೀಗ ತೆಗೆಯುವಾಗಲೂ ಅದೇ. ಒಳಗೆ ಬಂದು ಕಿಟಕಿ ತೆರೆದು, ಮುಚ್ಚಿದ ಕೋಣೆಯಲ್ಲಿ ಕೂಡಿಕೊಂಡಿದ್ದ ಫಿನಾಯಿಲ್ ಮತ್ತು ಒದ್ದೆ ಕೂದಲಿನ ವಾಸನೆ ಹೊರಗೆ ಹೋಗುವುದನ್ನು ಕಾಯುತ್ತ ನಿಂತಳು. ಗಂಡ ಊರಾಚೆಯ ಡೈರಿಗೆ ಹಸುಗಳನ್ನು ನೋಡಲು ಹೊತ್ತಿಗೆ ಮುಂಚೆಯೇ ಹೋಗಿದ್ದ. ಮಧ್ಯಾಹ್ನದವರೆಗೆ ನಾಯಿಬೆಕ್ಕುಗಳೆಲ್ಲ ಅವಳ ಪಾಲಿಗೆ. ಮೊದಲು ಬಂದವರು ಹೊಸದಾಗಿ ಮದುವೆಯಾದವರ ಹಾಗೆ ಕಾಣುತ್ತಿದ್ದ ಗಂಡ ಹೆಂಡತಿ. ಹೆಂಡತಿಯ ಮಡಿಲಲ್ಲಿದ್ದ ಕಪ್ಪು ನಾಯಿಮರಿಯ ಕಿವಿಗಳು ಒದ್ದೆ ಎಲೆಗಳಂತೆ ಜೋತುಬಿದ್ದಿದ್ದವು. "ಕಿವಿ ಕಟ್ ಮಾಡಿಸ್ಬೇಕಿತ್ತು ಮೇಡಂ, ನೆಟ್ಟಗೆ ನಿಲ್ಲೋ ಹಾಗೆ," ಎಂದ ಗಂಡ, ಮಗನಿಗೆ ಕ್ಷೌರ ಮಾಡಿಸಲು ಬಂದವನಷ್ಟು ಸಲೀಸಾಗಿ. ಅವಳು ಮರಿಯ ಕಿವಿಯನ್ನು ಬೆರಳಿನ ನಡುವೆ ಹಿಡಿದು, ಇಂಥ ಸಂದರ್ಭಕ್ಕೆಂದೇ ತನ್ನೊಳಗೆ ಮಡಿಸಿಟ್ಟುಕೊಂಡಿದ್ದ ಮಾತನ್ನು ಬಿಡಿಸಿದಳು. "ಇದಕ್ಕೆ ಕಾಯಿಲೆ ಏನೂ ಇಲ್ಲ. ನಮ್ಮ ಕಣ್ಣಿಗೆ ಚೆಂದ ಕಾಣ್ಲಿ ಅಂತ ಅದರ ಮೈ ಕತ್ತರಿಸೋದು ನಮ್ಮಲ್ಲಿ ಇಲ್ಲ. ಕಿವಿ ಇಲ್ಲ, ಬಾಲ ಇಲ್ಲ, ಬೊಗಳಬಾರದು ಅಂತ ಗಂಟಲು ಕುಯ್ಯೋದೂ ಇಲ್ಲ." ಹೇಳಿ ಮುಗಿಸಿದಾಗ ಪ್ರತಿ ಸಲದಂತೆ ನಾಲಿಗೆಯ ಮೇಲೆ ಒಂದು ಸಣ್ಣ ಸಿಹಿ ಉಳಿಯಿತು, ಪ್ರತಿ ಸಲದಂತೆ ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಬಹಳ ವಿನಯದಿಂದ, "ಸರ್ ಯಾವಾಗ ಸಿಗ್ತಾರೆ?" ಎಂದು ಕೇಳಿದಳು. "ಸರ್ ಹೇಳೋದೂ ಇದೇ," ಎಂದಳು ಇವಳು. ಮೂಲೆಯಲ್ಲಿ ಹತ್ತಿಯ ಉಂಡೆ ಕಟ್ಟುತ್ತಿದ್ದ ನರ್ಸಮ್ಮ ತಲೆ ಎತ್ತಲಿಲ್ಲ. ಆದರೆ ಅವಳ ಕೈ ನಿಂತಿತು. ನಿಂತದ್ದು, ಮತ್ತೆ ಹೊರಟದ್ದು, ಎರಡೂ ಇವಳ ಕಣ್ಣಿಗೆ ಬಿತ್ತು.

ಹಾಗೆ ನೋಡಿದರೆ ಆ ಮಾತು ಅವಳದ್ದೂ ಅಲ್ಲ, ಮೊದಲು ಹೇಳಿದ್ದು ಅವಳ ಗಂಡ. ಈ ಅಂಗಡಿಯನ್ನು ಬಾಡಿಗೆಗೆ ಹಿಡಿದ ಹೊಸತರಲ್ಲಿ, ಗೋಡೆಗೆ ತಾವೇ ಸುಣ್ಣ ಬಳಿದು, ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತು ಚಹಾ ಕುಡಿಯುವಾಗ ಅವನು ಹೇಳಿದ್ದ: "ನಾವು ರೋಗಕ್ಕೆ ಮಾತ್ರ ಕತ್ತಿ ಹಿಡಿಯೋಣ. ಜನರ ಹುಚ್ಚಿಗೆ ಬೇಡ." ಅವನ ರೆಪ್ಪೆಯ ಮೇಲೆ ಸುಣ್ಣದ ಒಂದು ಚುಕ್ಕೆ ಇತ್ತು. ಅವಳು ಒರೆಸಲಿಲ್ಲ, ಹಾಗೇ ನೋಡುತ್ತ ಕೂತಿದ್ದಳು. ಕಾಲೇಜಿನಲ್ಲಿ ಮೊದಲ ಸಲ ಶಸ್ತ್ರಚಿಕಿತ್ಸೆಯ ತರಗತಿಗೆ ಬೀದಿನಾಯಿಯೊಂದನ್ನು ತಂದು ಮಲಗಿಸಿದ್ದಾಗ ಎಲ್ಲರೂ ಹೊಲಿಗೆ ಕಲಿಯಲು ಮುಗಿಬಿದ್ದರೆ ಇವನೊಬ್ಬ ಅದರ ಹಿಂಗಾಲು ಹಿಡಿದುಕೊಂಡು ಸುಮ್ಮನೆ ಅಳುತ್ತಿದ್ದ. ಹುಡುಗರು ನಕ್ಕರು, ಮೇಷ್ಟ್ರೂ ನಕ್ಕರು. ಅವಳು ನಗಲಿಲ್ಲ. ಈ ಹುಡುಗನನ್ನು ಮದುವೆಯಾದರೆ ತನಗೆ ಯಾವತ್ತೂ ಕೆಡುಕಾಗುವುದಿಲ್ಲ ಎಂದು ಅವತ್ತೇ, ಆ ಫಾರ್ಮಲಿನ್ ವಾಸನೆಯ ನಡುವೆಯೇ, ತೀರ್ಮಾನ ಮಾಡಿಬಿಟ್ಟಿದ್ದಳು. ಅಷ್ಟು ಬೇಗ ಒಬ್ಬರ ಮೇಲೆ ಭಾರ ಹಾಕಿಬಿಡುವುದು ಅವಳ ಸ್ವಭಾವ. ಅಮ್ಮ ಬೈಯುವುದೂ ಅದಕ್ಕೇ: "ಒಂದು ಸಲ ನಂಬಿದೆ ಅಂದ್ರೆ ಆಮೇಲೆ ತಿರುಗಿ ನೋಡೋದೇ ಇಲ್ಲ ನೀನು."

ಟೈಲರಮ್ಮ ಬಂದಾಗ ಬಿಸಿಲು ಮೆಟ್ಟಿಲ ತನಕ ಏರಿತ್ತು. ಪರದೆ, ದಿಂಬಿನ ಚೀಲ ಹೊಲಿದುಕೊಂಡು ಒಬ್ಬಳೇ ಬದುಕುವ ಹೆಂಗಸು. ಕುತ್ತಿಗೆಯಲ್ಲಿದ್ದ ಅಳತೆಪಟ್ಟಿಯನ್ನು ತೆಗೆಯಲು ಮರೆತು ಹಾಗೇ ಬಂದಿದ್ದಳು. ಜೊತೆಗೆ ಬೂದ, ಬೂದಿ ಬಣ್ಣದ, ಎದೆ ಅಗಲದ ನಾಯಿ. ಎರಡು ದಿನ ನೋಡ್ಕೋ ಅಕ್ಕ ಎಂದು ತಮ್ಮ ಬಿಟ್ಟುಹೋದದ್ದು, ತಮ್ಮ ವಾಪಸು ಬರಲೇ ಇಲ್ಲ, ನಾಯಿ ಉಳಿಯಿತು ಎಂದು ಹಿಂದೆ ಒಮ್ಮೆ ಚುಚ್ಚುಮದ್ದಿಗೆ ಬಂದಾಗ ಹೇಳಿಕೊಂಡಿದ್ದಳು. ಬೂದ ಬಾಗಿಲ ಬಳಿಯೇ ಕುಸಿದು ಕೂತಿತು. ಬಾಯಿ ಪೂರ್ತಿ ತೆರೆದಿತ್ತು, ನಾಲಿಗೆಯ ಅಂಚು ನೀಲಿಗೆ ತಿರುಗಿತ್ತು, ಪ್ರತಿ ಉಸಿರಿಗೂ ಒಳಗೆಲ್ಲೋ ತುಕ್ಕು ಹಿಡಿದ ಕೀಲು ತಿರುಗಿದ ಹಾಗೆ ಸದ್ದು. "ಮೆಟ್ಟಿಲು ಹತ್ತೋಕಾಗ್ತಿಲ್ಲ ಮೇಡಂ. ಬಿಸಿಲಲ್ಲಿ ನಾಕು ಹೆಜ್ಜೆ ಹಾಕಿದ್ರೆ ಬಿದ್ದುಬಿಡುತ್ತೆ. ನಿನ್ನೆ ನೀರು ಕುಡಿಯೋವಾಗ ಉಸಿರೇ ನಿಂತುಹೋಯ್ತು ಅಂದ್ಕೊಂಡೆ," ಎಂದಳು ಟೈಲರಮ್ಮ. ಅವಳ ಕಣ್ಣು ಇವಳನ್ನು ನೋಡುತ್ತಿರಲಿಲ್ಲ. ಒಳಕೋಣೆಯ ಬಾಗಿಲನ್ನು ನೋಡುತ್ತಿತ್ತು, ಅಲ್ಲಿಂದ ಇನ್ಯಾರೋ ಬಂದುಬಿಡುತ್ತಾರೆ ಎಂಬಂತೆ. "ಸರ್ ಇಲ್ಲ ಅಲ್ವಾ?" ಎಂದು ಕೇಳಿದಳು. "ಇಲ್ಲ. ಯಾಕೆ, ಸರ್ ಬೇಕಾ?" "ಬೇಡ ಬೇಡ. ನೀವೇ ನೋಡಿ."

ಆಮ್ಲಜನಕದ ಮುಖವಾಡ ಹಿಡಿದು, ನಾಲಿಗೆಗೆ ಸ್ವಲ್ಪ ಬಣ್ಣ ಬಂದ ಮೇಲೆ, ಬೂದನಿಗೆ ತೆಳುವಾಗಿ ಮಂಪರು ಬರುವಷ್ಟು ಮದ್ದು ಕೊಟ್ಟಳು. ನರ್ಸಮ್ಮ ಮೇಲಿನ ದವಡೆ ಎತ್ತಿ ಹಿಡಿದಳು. ಇವಳು ನಾಲಿಗೆಯನ್ನು ಮುಂದಕ್ಕೆಳೆದು ದೀಪ ಬಿಟ್ಟಳು. ಗಡ್ಡೆ ಇರಬಹುದು, ಮೂಳೆಚೂರು ಸಿಕ್ಕಿಕೊಂಡಿರಬಹುದು ಎಂದುಕೊಂಡಿದ್ದಳು. ಧ್ವನಿತಂತುಗಳು ಎಂದರೆ ಒಳಗೆ ಎರಡು ಬಿಳಿ ಮಡಿಕೆಗಳು, ಅರೆತೆರೆದ ಪರದೆಯಂತೆ. ಅವುಗಳ ನಡುವಿನ ಸಂದಿನಲ್ಲೇ ಉಸಿರು ಓಡಾಡುವುದು. ಬೂದನ ಗಂಟಲಲ್ಲಿ ಆ ಪರದೆ ಇರಲಿಲ್ಲ. ಎಡಗಡೆಯ ಮಡಿಕೆ ಪೂರ್ತಿ ಹೋಗಿತ್ತು, ಬಲಗಡೆ ಒಂದು ಎಳೆಯಷ್ಟು ಉಳಿದಿತ್ತು. ಕೆಳಗೆ, ಎರಡೂ ಕಡೆಯ ಗಾಯ ಸೇರುವಲ್ಲಿ, ಹಸಿ ಅಂಚುಗಳು ಒಂದಕ್ಕೊಂದು ಕೂಡಿಕೊಂಡು ಮಾಗಿ ಗಟ್ಟಿಯಾದ ಪೊರೆ ಬೆಳೆದಿತ್ತು. ಉಸಿರಿಗೆ ಉಳಿದದ್ದು ಗುಂಡಿಯ ತೂತಿನಷ್ಟು ಜಾಗ. ಕಾಯಿಲೆ ಹೀಗೆ ಮಾಡುವುದಿಲ್ಲ, ಕೈ ಮಾಡುತ್ತದೆ. ಯಾವನೋ ತಲೆಕೆಟ್ಟವನು ಮಾಡಿದ್ದಾನೆ ಎಂಬ ಸಿಟ್ಟು ಮೊದಲು ಬಂತು, ಆ ಸಿಟ್ಟು ಎಷ್ಟು ಹಿತವಾಗಿತ್ತೆಂದರೆ ಒಂದು ಗಳಿಗೆ ಅವಳು ಅದರಲ್ಲೇ ನಿಂತಳು. ಹೊರಗೆ ಬಂದು ಟೈಲರಮ್ಮನಿಗೆ ಗಡುಸಾಗಿಯೇ ಕೇಳಿದಳು: "ಇದರ ಧ್ವನಿ ತೆಗೆಸಿದ್ದೀರಿ. ಎಲ್ಲಿ ಮಾಡಿಸಿದ್ರಿ ಇದನ್ನ?"

ಟೈಲರಮ್ಮ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಲ್ಲೇ ಅಲ್ವಾ ಮೇಡಂ," ಎಂದಳು. "ಭಾನುವಾರ ಬನ್ನಿ ಅಂದಿದ್ರು ಸರ್. ನಿಮಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು," ಎಂದುಬಿಟ್ಟಳು ಅವಳು. ಯಾಕೆ ಹಾಗೆ ಅಂದೆ ಎಂದು ಆಮೇಲೆ ಎಷ್ಟೋ ಹೊತ್ತು ಅವಳಿಗೇ ತಿಳಿಯಲಿಲ್ಲ. ಗಂಡ ತನಗೆ ಸುಳ್ಳು ಹೇಳಿದ್ದು ಹೊರಗಿನವಳ ಎದುರು ಬಯಲಾಗಬಾರದು ಎಂದು ನಾಲಿಗೆ ತಾನಾಗಿ ಅವನ ಕಡೆ ನಿಂತಿತ್ತು.

ಭಾನುವಾರ ಅವಳು ಅಮ್ಮನ ಮನೆಗೆ ಹೋಗುತ್ತಿದ್ದಳು. ಅಮ್ಮನ ಉಗುರು ಕತ್ತರಿಸಿ, ತಲೆ ಬಾಚಿ, ಹಾಸಿಗೆ ಬಿಸಿಲಿಗೆ ಹಾಕಿ ಸಂಜೆ ಬರುವುದು. ಅವನೂ ಮೊದಮೊದಲು ಬರುತ್ತಿದ್ದ. ಆಮೇಲೆ ಜನರೇಟರ್ ಕೈಕೊಟ್ಟಿದೆ, ಔಷಧಿ ಜೋಡಿಸಬೇಕು, ನೀನು ಆರಾಮಾಗಿ ಅಮ್ಮನ ಜೊತೆ ಇದ್ದು ಬಾ ಎನ್ನತೊಡಗಿದ. ತನಗೆ ಅಮ್ಮನ ಜೊತೆ ಒಂದು ದಿನ ಬಿಟ್ಟುಕೊಟ್ಟನಲ್ಲ ಎಂದು ಅವಳು ಒಳಗೊಳಗೇ ಕರಗಿಹೋಗಿದ್ದಳು. ಪಕ್ಕದ ಔಷಧಿ ಅಂಗಡಿಯವನು ಒಮ್ಮೆ, "ಭಾನುವಾರಾನೂ ಬಿಡುವಿಲ್ಲ ನಿಮಗೆ, ಅಲ್ವಾ ಮೇಡಂ?" ಎಂದಿದ್ದ. "ಭಾನುವಾರ ರಜೆ ಕಣ್ರೀ," ಎಂದು ಇವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಎರಡು ನಗು ಒಂದೇ ಅಲ್ಲ ಎಂಬುದು ಈಗ, ಬೂದನನ್ನು ತಂಪು ಕೋಣೆಯಲ್ಲಿ ಮಲಗಿಸಿ ಊತ ಇಳಿಯುವ ಇಂಜೆಕ್ಷನ್ ಚುಚ್ಚುವಾಗ ತಿಳಿಯಿತು. ಕಳೆದ ವರ್ಷ ಶಾಲೆಯೊಂದರ ಸಭಾಂಗಣದಲ್ಲಿ ಮಕ್ಕಳಿಗೂ ತಂದೆತಾಯಂದಿರಿಗೂ ಇದೇ ವಿಷಯ ಮಾತಾಡಿದ್ದಳು. ನಾಯಿಗೆ ಬೊಗಳುವುದು ಎಂದರೆ ನಮಗೆ ಮಾತಾಡಿದ ಹಾಗೆ, ಕಷ್ಟವಾಗುತ್ತದೆಂದು ಮನೆಯ ಮಗುವಿನ ನಾಲಿಗೆ ಕತ್ತರಿಸುತ್ತೇವೆಯೇ ಎಂದು ಕೇಳಿದ್ದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಗಂಡ, ಮುಂದಿನ ಸಾಲಿನಲ್ಲಿ ಕೂತು. ಅವತ್ತೂ ಭಾನುವಾರವೇ. ಸಭೆ ಮುಗಿದ ಮೇಲೆ ಅವಳನ್ನು ಅಮ್ಮನ ಮನೆಯ ಬಾಗಿಲಲ್ಲಿ ಇಳಿಸಿ, ಕೈಬೀಸಿ ಹೋದ. ಎಲ್ಲಿಗೆ ಹೋದ? ಆ ಕೈಗಳು ಅವತ್ತು ಮಧ್ಯಾಹ್ನ ಯಾವ ನಾಯಿಯ ಬಾಯಿ ತೆರೆದವು?

"ಬಾಯಿ ಹಿಡಿದುಕೊಳ್ಳೋಕೆ ಯಾರಾದರೂ ಬೇಕಲ್ಲ," ಎಂದಳು ಅವಳು ನರ್ಸಮ್ಮನಿಗೆ. ಪ್ರಶ್ನೆಯ ಹಾಗೆ ಕೇಳಲಿಲ್ಲ. ನರ್ಸಮ್ಮ ಕೈಗವಸು ತೆಗೆಯುತ್ತಿದ್ದಳು. ಈ ಹೆಂಗಸಿನ ಮಗಳ ಹೆರಿಗೆಗೆ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದವಳು ಇವಳು. ಮಧ್ಯಾಹ್ನದ ಊಟವನ್ನು ಇಬ್ಬರೂ ಒಂದೇ ಡಬ್ಬಿಯಿಂದ ಹಂಚಿಕೊಂಡವರು.

"ಸರ್ ಕರೆದ್ರೆ ಬರಲ್ಲ ಅನ್ನೋಕಾಗುತ್ತಾ ಮೇಡಂ?"

"ನನಗೆ ಒಂದು ಮಾತು ಹೇಳಬಹುದಿತ್ತು."

"ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬರಲಿ." ಆಮೇಲೆ, ಇನ್ನೂ ಮೆತ್ತಗೆ: "ನಿಮಗೆ ನೋವಾಗುತ್ತೆ ಅಂತ ಸರ್ ಹೇಳ್ಬೇಡ ಅಂದಿದ್ರು. ನಿಮ್ಮ ಮೇಲಿನ ಪ್ರೀತಿಗೇ ಅಲ್ವಾ ಅದು."

ಪ್ರೀತಿ ಎಂಬ ಮಾತು ಕೇಳಿದ್ದೇ ಅವಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಇವರೆಲ್ಲ ಸೇರಿ ತನ್ನನ್ನು ಒಂದು ಗಾಜಿನ ಕಪಾಟಿನಲ್ಲಿ ಕೂರಿಸಿದ್ದರು, ಮುಂಬಾಗಿಲಲ್ಲಿ ಜನರಿಗೆ ಕಾಣುವ ಹಾಗೆ. ಹಿಂಬಾಗಿಲಲ್ಲಿ ವ್ಯವಹಾರ ನಡೆದಿತ್ತು. ಬೆಳಿಗ್ಗೆ ಬಂದ ಗಂಡ ಹೆಂಡತಿಗೂ ಗೊತ್ತಿತ್ತೇನೋ. ಸರ್ ಯಾವಾಗ ಸಿಗ್ತಾರೆ ಎಂದು ಕೇಳಿದಾಗ ಆ ಹುಡುಗಿಯ ದನಿಯಲ್ಲಿ ಇದ್ದದ್ದು ವಿನಯ ಅಲ್ಲ, ಕನಿಕರ. ಅವಳು ಕೈತೊಳೆಯುವ ತೊಟ್ಟಿಯ ಮುಂದೆ ನಿಂತು ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ತೊಳೆದು ಮುಗಿದ ಮೇಲೂ ನಲ್ಲಿ ನಿಲ್ಲಿಸಲಿಲ್ಲ.

ಅವನು ಬಂದಾಗ ಬೂಟಿಗೆ ಸಗಣಿ ಮೆತ್ತಿತ್ತು. ಹಿಂಬಾಗಿಲ ಬಳಿ ನಿಂತು ನೀರಿನ ಪೈಪು ಹಿಡಿದು ತೊಳೆಯುತ್ತಲೇ, "ಎಂಥ ಕರು ಗೊತ್ತಾ, ಹೊಟ್ಟೆಯೊಳಗೆ ಹಿಂದುಮುಂದಾಗಿ ಕೂತಿತ್ತು, ತೋಳೆಲ್ಲ ಸೋತುಹೋಯ್ತು," ಎಂದು ಹೇಳಿಕೊಳ್ಳುತ್ತಿದ್ದ. ಒಳಗೆ ಬಂದು ಬೂದನನ್ನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಅವನು ಒದ್ದೆ ಕೈಗಳನ್ನು ಒರೆಸಿಕೊಳ್ಳುವುದನ್ನು ಬಿಟ್ಟು ಹಾಗೇ ನಿಂತ. ನೀರು ಬೆರಳಿಂದ ತೊಟ್ಟಿಕ್ಕುತ್ತಿತ್ತು. ಬೂದ ಅರೆಮಂಪರಿನಲ್ಲೇ ಅವನ ವಾಸನೆ ಹಿಡಿದು ಬಾಲವನ್ನು ನೆಲಕ್ಕೆ ಒಂದು ಸಲ ಬಡಿಯಿತು.

"ಯಾವಾಗಿಂದ?" ಎಂದಳು ಅವಳು.

"ಬಹಳ ದಿನ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅದಕ್ಕೇ ಹೇಳ್ಬೇಕಿತ್ತು."

ಅವನು ಸ್ಟೂಲನ್ನು ಎಳೆದುಕೊಂಡು ಕೂತ. ಜಗಳಕ್ಕೆ ಸಿದ್ಧನಾದವನ ಹಾಗಲ್ಲ, ದಣಿದು ಮನೆಗೆ ಬಂದವನ ಹಾಗೆ. "ನೀನು ಬೇಡ ಅಂದು ಕಳಿಸ್ತೀಯ. ಅವರು ಬಾಗಿಲು ದಾಟಿ ಹೋದ ಮೇಲೆ ಏನಾಗುತ್ತೆ ಅಂತ ನೀನು ನೋಡಲ್ಲ, ನಾನು ನೋಡ್ತೀನಿ. ಆ ಬ್ಯಾಂಕಿನವರ ಬಿಳಿ ನಾಯಿ ನೆನಪಿದೆಯಾ? ಅಷ್ಟು ಹೊತ್ತು ಬುದ್ಧಿ ಹೇಳಿ ಕಳಿಸ್ದೆ ಅವರನ್ನ. ಅವರು ಅದನ್ನ ಹೆದ್ದಾರಿ ಪಕ್ಕ ಇಳಿಸಿ ಹೋದ್ರು. ಡೈರಿಗೆ ಹೋಗ್ತಾ ನಾನು ಅದರ ಹೆಣ ನೋಡ್ದೆ. ಕೊರಳಲ್ಲಿ ನಮ್ಮ ಕ್ಲಿನಿಕ್ಕಿನ ಬಿಲ್ಲೆ ಇತ್ತು."

"ಅದನ್ನೂ ಹೇಳ್ಲಿಲ್ಲ ನೀನು."

"ಹೇಗೆ ಹೇಳ್ಲಿ? ಬಂದು ನಿನ್ನ ಮುಂದೆ ನಿಂತು ಏನಂತ ಹೇಳ್ಲಿ?" ಅವನ ದನಿ ಮೊದಲ ಸಲ ಏರಿತು, ತಕ್ಷಣ ಇಳಿಯಿತು. "ದಿನಾ ಬೆಳಿಗ್ಗೆ ನೀನು ಗರ್ಭಕೋಶ ತೆಗೀತೀಯಲ್ಲ, ಅದಕ್ಕೆ ಕಾಯಿಲೆ ಇರುತ್ತಾ? ನಾಯಿ ಬಂದು ಕೇಳ್ಕೊಳ್ಳುತ್ತಾ?"

"ಅದು ಬೇರೆ."

"ಹೇಗೆ ಬೇರೆ, ಹೇಳು."

ಹೇಳಲು ಇತ್ತು. ಕ್ಯಾನ್ಸರ್ ತಪ್ಪುತ್ತದೆ, ಚರಂಡಿಯಲ್ಲಿ ಸಾಯುವ ಮರಿಗಳು ತಪ್ಪುತ್ತವೆ, ಅದು ನಾಯಿಯ ಒಳ್ಳೆಯದಕ್ಕೆ. ಆದರೆ ಬಾಯಿಗೆ ಬರುತ್ತಿದ್ದಂತೆ ಎಲ್ಲವೂ ಸಭಾಂಗಣದ ಮಾತಿನಂತೆ ಕೇಳಿಸತೊಡಗಿತು. "ನಾಯಿ ಒಳ್ಳೇದಕ್ಕೆ ಅದು," ಎಂದಳು, ಕಷ್ಟಪಟ್ಟು. "ತಲೆ ಮೇಲೆ ಸೂರು ಇರೋದು ನಾಯಿಗೆ ಒಳ್ಳೇದಲ್ವಾ?" ಎಂದ ಅವನು. ಅವಳು ಬೂದನ ಪಕ್ಕೆ ಏರುವುದನ್ನು, ಇಳಿಯುವುದನ್ನು ನೋಡಿದಳು. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿರಬಹುದು. ಆ ಅರ್ಧವನ್ನೇ ಅವಳಿಂದ ತಡೆಯಲಾಗುತ್ತಿರಲಿಲ್ಲ. ಪೂರ್ತಿ ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. "ಸರಿ ಅನ್ನಿಸಿದ್ರೆ ನನ್ನೆದುರಿಗೆ ಮಾಡ್ಬೇಕಿತ್ತು," ಎಂದಳು. "ನಾನು ಅಲ್ಲಿ ನಿಂತು ಮಾತಾಡ್ತಿದ್ದಾಗ ಚಪ್ಪಾಳೆ ಹೊಡೀಬಾರದಿತ್ತು."

"ನೀನು ಚೆನ್ನಾಗಿ ಮಾತಾಡ್ದೆ. ಅದಕ್ಕೆ ಹೊಡೆದೆ," ಎಂದ ಅವನು. ಕುಹಕವಿರಲಿಲ್ಲ ಅದರಲ್ಲಿ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಟೈಲರಮ್ಮ ಹೊರಗಿನ ಬೆಂಚಿನ ಮೇಲೆ ಕಾಲು ಜೋಡಿಸಿ ಕೂತಿದ್ದಳು. ಇವಳು ಪಕ್ಕದಲ್ಲಿ ಕೂತು ವಿವರಿಸಿದಳು: ಗಂಟಲನ್ನು ಹೊರಗಿನಿಂದ ತೆರೆದು ಆ ಪೊರೆಯನ್ನು ಕತ್ತರಿಸಿ ತೆಗೆಯಬೇಕು, ಅಂಚುಗಳು ಮತ್ತೆ ಕೂಡಿಕೊಳ್ಳದ ಹಾಗೆ ಒಳಗೆ ಹೊಲಿಯಬೇಕು, ಇವತ್ತೇ ಮಾಡಬೇಕು, ಅಪಾಯ ಇದೆ, ಆದರೆ ಬಿಟ್ಟರೆ ಇನ್ನೂ ಅಪಾಯ. "ಬಲಗಡೆ ಒಂದು ಎಳೆ ಉಳಿದಿದೆ. ಪೊರೆ ತೆಗೆದ ಮೇಲೆ ಸ್ವಲ್ಪ ಧ್ವನಿ ವಾಪಸು ಬರಬಹುದು. ಮುಂಚಿನ ಹಾಗಲ್ಲ, ಒಂಥರಾ ಗೊಗ್ಗರು."

ಟೈಲರಮ್ಮ ಅಳತೆಪಟ್ಟಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದಳು. "ಕೆಳಗಿರೋ ಮನೆ ಯಜಮಾನ್ರ ಹೆಂಡತಿಗೆ ನಿದ್ದೆ ಬರಲ್ಲ ಮೇಡಂ, ಕಾಯಿಲೆಯವರು," ಎಂದಳು. "ಒಂದೋ ನಾಯಿ ಬಾಯಿ ಮುಚ್ಸು ಒಂದೋ ಮನೆ ಬಿಡು ಅಂದಿದ್ರು ಯಜಮಾನ್ರು. ಧ್ವನಿ ಹೋದ ಮೇಲೆ ನನ್ನ ನೋಡಿ ನಗ್ತಾರೆ ಈಗ. ಮತ್ತೆ ಬಂದ್ರೆ..." ಪಟ್ಟಿಯನ್ನು ಬಿಗಿಯಾಗಿ ಸುತ್ತಿದ ಬೆರಳ ತುದಿ ಬಿಳಿಚಿಕೊಂಡಿತ್ತು. "ಉಸಿರು ಸರಿ ಮಾಡ್ಕೊಡಿ. ಧ್ವನಿ ಮಾತ್ರ ಬೇಡ. ಅದೂ ತೆಗೆದುಬಿಡಿ." ಹೇಳಿಬಿಟ್ಟು ಇವಳ ಮುಖವನ್ನು ನೆಟ್ಟ ನೋಟದಿಂದ ನೋಡಿದಳು, ಕಣ್ಣು ಮಿಟುಕಿಸದೆ. ಬೇಡಿಕೊಳ್ಳುವವರು ಹಾಗೆ ನೋಡುತ್ತಾರೆ ಎಂದುಕೊಂಡಳು ಅವಳು. ನೋಡೋಣ ಎಂದಷ್ಟೇ ಹೇಳಿ ಎದ್ದಳು.

ಒಬ್ಬಳೇ ಮಾಡುವಂಥದ್ದಲ್ಲ ಅದು. ಬೇರೆ ಕೈಗಳೂ ಇರಲಿಲ್ಲ. ಬೂದನನ್ನು ಬೆನ್ನ ಮೇಲೆ ಮಲಗಿಸಿ, ಗಂಟಲಿನ ಕೂದಲು ತೆಗೆದು, ಅವನು ಎದುರಿಗೆ ನಿಂತ. ಕತ್ತಿ ಹಿಡಿದದ್ದು ಅವಳು. ಚರ್ಮ ಬಿಡಿಸಿ, ಸ್ನಾಯುಗಳನ್ನು ನಡುವಿನಲ್ಲಿ ಬೇರ್ಪಡಿಸಿ, ಗಂಟಲ ಪೆಟ್ಟಿಗೆಯನ್ನು ತೆರೆಯುವಾಗ ಅವಳು ಏನೂ ಕೇಳಲಿಲ್ಲ. ಕೈ ಚಾಚಿದರೆ ಬೇಕಾದ್ದೇ ಅಂಗೈಗೆ ಬಂದು ಕೂರುತ್ತಿತ್ತು, ಬಗ್ಗಿದರೆ ದೀಪ ತಾನಾಗಿ ಬಗ್ಗುತ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಮಾಡಿದ ಕೆಲಸ ಅವರಿಬ್ಬರ ಜಗಳವನ್ನು ಕಿವಿಗೇ ಹಾಕಿಕೊಳ್ಳದೆ ತನ್ನ ಪಾಡಿಗೆ ನಡೆದಿತ್ತು. ಆ ಹಿತ ಅವಳಿಗೆ ಅಸಹ್ಯವೆನಿಸಿತು, ಆದರೂ ಅದರ ಮೇಲೆ ಒರಗಿಯೇ ಅವಳು ಕೆಲಸ ಮಾಡಿದಳು. ಒಳಗೆ ಅವನ ಕೈಗುರುತು ಕಾಣುತ್ತಿತ್ತು. ಅವಸರ ಮಾಡಿದ್ದ. ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಬಾಗಿಲ ಕಡೆ ಒಂದು ಕಿವಿ ಇಟ್ಟುಕೊಂಡು ಕುಯ್ದವನ ಕೆಲಸ ಅದು. ನಾನು ಬಂದುಬಿಟ್ಟೇನು ಎಂಬ ಹೆದರಿಕೆಯಿಂದ ಈ ನಾಯಿಯ ಉಸಿರು ಕಟ್ಟಿತೇ ಎಂದು ಅವಳಿಗೆ ಹೊಳೆದಾಗ ಕೈ ಒಂದು ಕ್ಷಣ ನಿಂತಿತು. ಅವನು ಮುಖವಾಡದ ಮೇಲಿಂದ ಅವಳನ್ನು ನೋಡಿದ. ಅವನಿಗೂ ಕಂಡಿತ್ತು. "ತಪ್ಪಾಯ್ತು," ಎಂದ ಮೆಲ್ಲಗೆ. ಯಾರಿಗೆ ಹೇಳಿದ ಎಂದು ಅವಳು ಕೇಳಲಿಲ್ಲ.

ಪೊರೆ ಬಂತು. ಅಂಚುಗಳನ್ನು ಕೂದಲೆಳೆಯಂಥ ದಾರದಿಂದ ಹೊಲಿದಳು. ಉಸಿರಿನ ದಾರಿ ತೆರೆದುಕೊಂಡಿತು. ಉಳಿದದ್ದು ಬಲಗಡೆಯ ಆ ಎಳೆ, ತೆಳ್ಳಗೆ, ಒದ್ದೆಯಾಗಿ, ದೀಪದ ಬೆಳಕಿನಲ್ಲಿ ಮುತ್ತಿನ ಬಣ್ಣ.

"ಬಿಡ್ತೀಯಾ?" ಎಂದ ಅವನು.

"ನೀನೇನಂತೀಯ?"

"ನಾನೇನೂ ಹೇಳಲ್ಲ. ನನಗೆ ಆ ಹಕ್ಕಿಲ್ಲ ಈಗ."

ಹೇಳಿದ್ದರೆ ಅವಳು ಅವನ ಮಾತಿಗೆ ಎದುರಾಗಿ ಮಾಡಿಬಿಡುತ್ತಿದ್ದಳು; ಅದಕ್ಕೂ ಅವನು ಎಡೆ ಕೊಡಲಿಲ್ಲ. ತಾನು ನೋಡಿರದ ಆ ಬಿಳಿ ನಾಯಿ ಹೆದ್ದಾರಿಯ ಪಕ್ಕದಲ್ಲಿ ಮಲಗಿದ್ದು ಕಂಡಿತು. ಬೂದ ಮೆಟ್ಟಿಲ ತುದಿಯಲ್ಲಿ ನಿಂತು ಗೊಗ್ಗರು ದನಿಯಲ್ಲಿ ಕೂಗುವುದು, ಕೆಳಗೆ ಬಾಗಿಲು ತೆರೆಯುವುದು, ಟೈಲರಮ್ಮ ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಇನ್ನೊಂದು ಮನೆ ಹುಡುಕುವುದು. ಧ್ವನಿ ಮಾತ್ರ ಬೇಡ, ಅದೂ ತೆಗೆದುಬಿಡಿ ಎಂದ ಆ ಮುಖ. ಅವಳು ಕತ್ತರಿಗೆ ಕೈ ಚಾಚಿದಳು. ಅವನು ಒಂದು ಗಳಿಗೆ ತಡೆದು, ಕೊಟ್ಟ. ಟೈಲರಮ್ಮನಿಗಾಗಿ ಮಾಡಿದೆನೋ, ಸತ್ತ ನಾಯಿಗಾಗಿಯೋ, ಹಾಡುಹಗಲಲ್ಲಿ ನಿನ್ನೆದುರಿಗೇ ಮಾಡುತ್ತೇನೆ ನೋಡು ಎಂದು ಅವನಿಗೆ ತೋರಿಸುವುದಕ್ಕೋ, ಅವಳಿಗೆ ಆಗಲೂ ಗೊತ್ತಾಗಲಿಲ್ಲ, ಮುಂದೆಯೂ ಗೊತ್ತಾಗಲಿಲ್ಲ. ಎಳೆ ಬಂತು. ಕೆಳಗಿನ ಮೂಲೆಯಲ್ಲಿ ಬಿಡಬೇಕಾದಷ್ಟು ಬಿಟ್ಟಳು. ಅವನಿಗಿಂತ ಎಷ್ಟೋ ಅಚ್ಚುಕಟ್ಟಾಗಿತ್ತು ಕೆಲಸ, ಮತ್ತು ಅದು ಅಚ್ಚುಕಟ್ಟಾಗಿದೆ ಎಂದು ಅವಳಿಗೆ ಹೆಮ್ಮೆಯಾಯಿತು.

ಬೂದ ಬದುಕಿಕೊಂಡಿತು. ಎರಡು ದಿನ ಕ್ಲಿನಿಕ್ಕಿನಲ್ಲೇ ಇತ್ತು. ನಾಲಿಗೆ ಗುಲಾಬಿಯಾಯಿತು, ಉಸಿರು ಸದ್ದಿಲ್ಲದೆ ಓಡಾಡತೊಡಗಿತು, ಅನ್ನವನ್ನು ಮೆತ್ತಗೆ ಕಲಸಿಕೊಟ್ಟರೆ ತಟ್ಟೆ ನೆಕ್ಕಿತು. ಅವನು ಪಂಜರದ ಮುಂದೆ ಹಾದುಹೋದಾಗಲೆಲ್ಲ ಕಂಬಿಯ ಸಂದಿನಿಂದ ಮೂಗು ತೂರಿಸಿ ಅವನ ಬೆರಳು ನೆಕ್ಕುತ್ತಿತ್ತು. ಉಸಿರು ಕಟ್ಟಿಸಿದ ಆ ಬೆರಳುಗಳನ್ನೇ. ಇವಳು ಕೈ ಚಾಚಿದರೂ ನೆಕ್ಕುತ್ತಿತ್ತು, ಅಷ್ಟೇ ಪ್ರೀತಿಯಿಂದ, ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ನಿನಗಾದರೂ ತಿಳಿಯಬಾರದೇ ಎಂದು ಅವಳಿಗೆ ನಾಯಿಯ ಮೇಲೂ ಸಿಟ್ಟು ಬಂತು. ಮನೆಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಉಂಡರು, ಉಪ್ಪು ಕೊಡು ಎಂದರೆ ಉಪ್ಪು ಕೊಟ್ಟರು. ಅವನು ಇನ್ನು ಭಾನುವಾರ ಬಾಗಿಲು ತೆರೆಯುವುದಿಲ್ಲ ಎಂದ. ಅವಳು ಹೂಂ ಅನ್ನಲಿಲ್ಲ. ಅನ್ನಲು ತಾನು ಯಾರು ಎಂಬುದು ಸ್ಪಷ್ಟವಿರಲಿಲ್ಲ.

ಟೈಲರಮ್ಮ ಕರೆದೊಯ್ಯಲು ಬಂದದ್ದು ಸಂಜೆಗೆ ಮುಂಚೆ. ತೊಳೆದ ಸೀರೆ ಉಟ್ಟಿದ್ದಳು, ಬೂದನಿಗೆಂದು ತಾನೇ ಹೊಲಿದ ಮೈಪಟ್ಟಿ ತಂದಿದ್ದಳು, ಕೊರಳಿಗೆ ಬಿಗಿಯದ ಹಾಗೆ ಎದೆಗೆ ಕಟ್ಟುವಂಥದ್ದು. ಅವಳನ್ನು ಕಂಡದ್ದೇ ಬೂದ ಮುಂಗಾಲು ಎತ್ತಿ ನೆಗೆಯಿತು. ಬಾಯಿ ತೆರೆದು ಮುಚ್ಚಿತು, ತೆರೆದು ಮುಚ್ಚಿತು, ಪ್ರತಿ ಸಲವೂ ಇಡೀ ಮೈ ಮುಂದಕ್ಕೆ ಜಗ್ಗುತ್ತಿತ್ತು. ಸದ್ದು ಎಂದರೆ ಹಲ್ಲು ತಗುಲಿದ್ದು ಮಾತ್ರ. ಟೈಲರಮ್ಮ ಮಂಡಿಯೂರಿ ಅದರ ಬಾಯಿಯ ಹತ್ತಿರ ಕಿವಿ ಇಟ್ಟಳು, ಹಾಗೇ ಸ್ವಲ್ಪ ಹೊತ್ತು ಇದ್ದಳು.

"ಇನ್ನು ಬರಲ್ಲ ಅಲ್ವಾ ಮೇಡಂ?"

"ಇಲ್ಲ. ಬರಲ್ಲ. ನೀವು ಹೆದರ್ಬೇಡಿ," ಎಂದಳು ಅವಳು. ಒಂದು ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ.

ಟೈಲರಮ್ಮ ತಲೆ ಆಡಿಸಿದಳು. ಆಮೇಲೆ ನಾಯಿಯ ಬೆನ್ನಿನ ಮೇಲೆ ಮುಖ ಇಟ್ಟು ಅಳತೊಡಗಿದಳು, ಸದ್ದು ಮಾಡದೆ, ಭುಜ ಮಾತ್ರ ಅಲುಗುವ ಹಾಗೆ. ಇದು ನೆಮ್ಮದಿಯ ಅಳು ಎಂದುಕೊಂಡು ಇವಳು ಬೆನ್ನು ಸವರಲು ಬಗ್ಗಿದಳು. ಟೈಲರಮ್ಮ ಮುಖ ಎತ್ತಿದಾಗ ಆ ಕೈ ಗಾಳಿಯಲ್ಲೇ ಉಳಿಯಿತು.

"ನೀವು ಒಪ್ಪಲ್ಲ ಅಂದ್ಕೊಂಡಿದ್ದೆ," ಎಂದಳು ಟೈಲರಮ್ಮ. ದೂರುವ ದನಿಯಲ್ಲ ಅದು. ಅಂಗಡಿಯಲ್ಲಿ ಇರುತ್ತದೆ ಎಂದು ಬಂದದ್ದು ಮುಗಿದುಹೋಗಿದೆ ಎಂದು ತಿಳಿದಾಗಿನ ದನಿ. "ಎಲ್ಲರೂ ಹೇಳ್ತಿದ್ರು, ಆ ಡಾಕ್ಟರಮ್ಮ ಇಂಥದ್ದಕ್ಕೆಲ್ಲ ಒಪ್ಪಲ್ಲ, ಬೈದು ಕಳಿಸ್ತಾರೆ ಅಂತ. ಅದಕ್ಕೇ ಸರ್ ಇಲ್ಲದ ಹೊತ್ತು ನೋಡ್ಕೊಂಡು ಬಂದೆ. ಧ್ವನಿ ತೆಗೀಬೇಡಿ ಅಂತ ನನ್ನ ಬಾಯಲ್ಲಿ ಅನ್ನೋಕಾಗಲ್ಲ ಮೇಡಂ, ನನಗೆ ಮನೆ ಬೇಕು. ನೀವು ಬೇಡ ಅಂದಿದ್ರೆ, ಡಾಕ್ಟರಮ್ಮ ಒಪ್ಪಲಿಲ್ಲ, ನಾನೇನು ಮಾಡ್ಲಿ ಅಂತ ಯಜಮಾನ್ರ ಮುಂದೆ ನಿಂತ್ಕೋತಿದ್ದೆ. ಒಂದು ಸಲ ಅಂದಿದ್ರೆ ಸಾಕಿತ್ತು." ಸೆರಗಿನಿಂದ ಮುಖ ಒರೆಸಿಕೊಂಡು, ತಾನು ಹೆಚ್ಚು ಮಾತಾಡಿದೆ ಎಂದು ನಾಚಿದವಳಂತೆ, "ಇರ್ಲಿ ಬಿಡಿ. ಪ್ರಾಣ ಉಳಿಸಿದ್ದೀರಿ," ಎಂದು ಎದ್ದು ಕೈ ಮುಗಿದಳು.

ಏನಾದರೂ ಹೇಳಬೇಕಿತ್ತು. ಅವಳು ಹೇಳಿದ್ದು, ಒಂದು ವಾರ ಮೆತ್ತಗಿನ ಊಟ ಕೊಡಿ, ಬಿಸಿಲಿಗೆ ಬಿಡಬೇಡಿ, ಹೊಲಿಗೆ ಕೆರೆದುಕೊಳ್ಳದ ಹಾಗೆ ನೋಡಿಕೊಳ್ಳಿ. ಟೈಲರಮ್ಮ ಪ್ರತಿಯೊಂದಕ್ಕೂ ಹೂಂ ಎಂದಳು. ನರ್ಸಮ್ಮ ಬಾಗಿಲು ತೆರೆದು ಹಿಡಿದಳು. ರಸ್ತೆಯ ಆಚೆಬದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಬೂದ ಅವರನ್ನು ನೋಡಿ ನಾಕು ಕಾಲೂ ಊರಿ ನಿಂತು ಬೊಗಳಿತು, ಎದೆ ಉಬ್ಬಿಸಿ, ಕತ್ತು ಎತ್ತಿ, ಮನಸ್ಸಿಗೆ ಬಂದಷ್ಟು ಹೊತ್ತು. ಸೈಕಲ್ಲಿನವರು ತಿರುಗಿಯೂ ನೋಡಲಿಲ್ಲ. ಟೈಲರಮ್ಮ ಪಟ್ಟಿ ಎಳೆಯದೆ, ಅದು ಮುಗಿಸುವ ತನಕ ಪಕ್ಕದಲ್ಲಿ ನಿಂತು ಕಾದಳು.

ಅವನು ಹಿಂದೆ ಬಂದು ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ. "ಬಾ, ಏನಾದ್ರೂ ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು," ಎಂದ. ಅವನ ದನಿಯಲ್ಲಿ ಗೆದ್ದವನ ಯಾವ ಗುರುತೂ ಇರಲಿಲ್ಲ. ಜೊತೆಗೊಬ್ಬರು ಸಿಕ್ಕಿದ ಸಮಾಧಾನ ಮಾತ್ರ ಇತ್ತು. ಅವಳು ಅವನ ಕಡೆ ತಿರುಗಲಿಲ್ಲ. ಹೋಗುವುದಿಲ್ಲ ಎಂದುಕೊಂಡೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋದಳು, ಅವನು ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂತಳು, ಡಬ್ಬಿಯ ಮುಚ್ಚಳ ತೆಗೆದಳು. ಅವಳಿಗೆ ನಿಜವಾಗಿಯೂ ಹಸಿವಾಗಿತ್ತು.